66 ದಿನ ಬಾಳಿದ ಲಸಿಕೆ ಆ್ಯಪ್, ಮತ್ತು ಅದಕ್ಕಿಂತ ಉಪಯೋಗಕ್ಕೆ ಬಂದ ಒಂದು ಬಿಟ್ಟಿ ಆಡಿಯೊ

ಕಳೆದ ವಾರ ಆಫೀಸಿಗೆ ಒಂದು ಆ್ಯಪ್ ಕಂಪನಿಯವನ ಫೋನ್ ಬಂತು. ನಾವು ಅವರ ಹಳೇ ಗ್ರಾಹಕರಂತೆ, ನೆನಪಿದೆಯಾ ಅಂತ ಕೇಳಿದ. ನೆನಪಿಲ್ಲದೆ ಏನು! 2021ರ ನವೆಂಬರ್ 8ರಂದು 4,680 ಡಾಲರ್ ಕಟ್ಟಿ ಅವರ ಆ್ಯಪ್ ಕೊಂಡಿದ್ದೆ, ನೌಕರರಲ್ಲಿ ಯಾರಿಗೆ ಕೋವಿಡ್ ಲಸಿಕೆ ಆಗಿದೆ ಅಂತ ಲೆಕ್ಕ ಇಡುವಂಥದ್ದು. 2022ರ ಜನವರಿ 13ಕ್ಕೆ ಅದರ ಕೆಲಸ ಮುಗಿಯಿತು. ಎಣಿಸಿದರೆ 66 ದಿನ. ನಮ್ಮ ತೀರ್ಥಹಳ್ಳಿ ಮನೆಯಲ್ಲಿ ಮಳೆಗಾಲಕ್ಕೆ ಕೊಳ್ಳುತ್ತಿದ್ದ ಛತ್ರಿ ಇದಕ್ಕಿಂತ ಜಾಸ್ತಿ ದಿನ ಬಾಳುತ್ತಿತ್ತು.

ಈಗ ಅವರು ಹೊಸದೊಂದನ್ನು ಮಾರಲು ಹೊರಟಿದ್ದಾರೆ. ಅದಕ್ಕೇ ಹಳೆಯದರ ವಿಮರ್ಶೆ ಬರೆಯೋಣ ಅನ್ನಿಸಿತು. ಆ್ಯಪ್‌ನ ಹೆಸರು ಹೇಳುವುದಿಲ್ಲ. ಹೇಳಿ ನನಗೇನೂ ಆಗಬೇಕಾಗಿಲ್ಲ, ಆಗ ಅಂಥವು ಹತ್ತಾರು ಹುಟ್ಟಿಕೊಂಡಿದ್ದವು. ಅದರ ಜೊತೆಗೆ, ಆ ಎರಡು ತಿಂಗಳಲ್ಲಿ ನಿಜವಾಗಿ ನನ್ನ ಕೈ ಹಿಡಿದ ಒಂದೆರಡು ಸೇವೆಗಳ ಬಗ್ಗೆಯೂ ಹೇಳುತ್ತೇನೆ. ಅವುಗಳ ಹೆಸರು ಧಾರಾಳವಾಗಿ ಹೇಳಬಹುದು.

ನಾನಿರುವುದು ಅಮೆರಿಕದ ಒಹಾಯೊದಲ್ಲಿ, ಡೇಟನ್ ಹತ್ತಿರ. ಕಾರಿನ ಬಿಡಿಭಾಗಗಳಿಗೆ ತಗಡು ಒತ್ತಿ ಕೊಡುವ ಕಾರ್ಖಾನೆಯ ಆಫೀಸು ನೋಡಿಕೊಳ್ಳುತ್ತೇನೆ. ಸಂಬಳ, ರಜೆ, ಇನ್ಶೂರೆನ್ಸ್, ಯಾರಿಗೆ ಬೆರಳು ಕುಯ್ದುಕೊಂಡಿತು, ಯಾರ ಹೆಂಡತಿಗೆ ಹೆರಿಗೆ, ಎಲ್ಲ ನನ್ನ ಟೇಬಲ್ಲಿಗೇ. ಆಗ ನಮ್ಮಲ್ಲಿ 131 ಜನ ಇದ್ದರು. ದೊಡ್ಡ ಶೆಡ್ಡಿನಲ್ಲಿ 96, ಆಚೆ ಊರಿನ ಚಿಕ್ಕ ಶೆಡ್ಡಿನಲ್ಲಿ 35. ಈ ಸಂಖ್ಯೆ ಮುಂದೆ ಬೇಕಾಗುತ್ತದೆ.

2021ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಬೈಡನ್ ಟಿವಿಯಲ್ಲಿ ಬಂದು, 100 ಜನಕ್ಕಿಂತ ಕಡಿಮೆ ಇಲ್ಲದ ಎಲ್ಲ ಕಂಪನಿಗಳೂ ನೌಕರರಿಗೆ ಲಸಿಕೆ ಆಗಿದೆಯೇ ಅಂತ ನೋಡಿಕೊಳ್ಳಬೇಕು, ಇಲ್ಲದವರಿಗೆ ವಾರಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು ಅಂದರು. ಆ ನಿಯಮ ನವೆಂಬರ್ 5ಕ್ಕೆ ಅಚ್ಚಾಗಿ ಬಂತು. ಹೊರಡಿಸಿದ್ದು ಓಶಾ. ಕೆಲಸದ ಜಾಗದ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಇಲಾಖೆ ಅದು. (ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಓಶೋ ಯಾಕೆ ನಿಮ್ಮ ಆಫೀಸಿಗೆ ಬಂದ?" ಅಂತ ಕೇಳಿದ್ದರು.) ದೇಶದ ಸುಮಾರು 8.4 ಕೋಟಿ ನೌಕರರು ಅದರ ಕೆಳಗೆ ಬರುತ್ತಿದ್ದರು. ಲಸಿಕೆ ಹಾಕಿಸಿಕೊಳ್ಳಿ, ಇಲ್ಲವಾದರೆ ವಾರವಾರ ಟೆಸ್ಟ್ ಮತ್ತು ಮುಖಕ್ಕೆ ಮಾಸ್ಕ್. ಪ್ರತಿ ಡೋಸಿಗೂ ಕಂಪನಿ 4 ಗಂಟೆಯವರೆಗೆ ಸಂಬಳದ ರಜೆ ಕೊಡಬೇಕು. ಯಾರಿಗೆ ಆಗಿದೆ, ಯಾರಿಗಿಲ್ಲ ಅಂತ ಪಟ್ಟಿ ಇಡಬೇಕು, ಕಾಗದದ ಪುರಾವೆ ಸಮೇತ. ತಪ್ಪಿದರೆ ಒಂದು ತಪ್ಪಿಗೆ 13,653 ಡಾಲರ್‌ವರೆಗೆ ದಂಡ. ಬೇಕಂತಲೇ ಮಾಡಿದರೆ ಅದರ ಹತ್ತು ಪಟ್ಟು.

ನಮ್ಮ ಓನರ್ ಮೊದಲು ಕೇಳಿದ್ದು, "ಒಂದೊಂದು ಶೆಡ್ಡಿನಲ್ಲೂ ನೂರಕ್ಕಿಂತ ಕಡಿಮೆ ಇದ್ದಾರಲ್ಲ, ನಮಗಿಲ್ಲ ಅಲ್ವಾ?" ನಮಗೂ ಇತ್ತು. ಇಡೀ ಕಂಪನಿಯ ತಲೆ ಎಣಿಸಬೇಕು ಅಂತ ನಿಯಮದಲ್ಲೇ ಬರೆದಿತ್ತು. ಅದು ಕಂಡಿದ್ದು ಶನಿವಾರ ರಾತ್ರಿ. ಅಚ್ಚಾಗುವ ಮೊದಲು ಬಿಟ್ಟಿದ್ದ ಪ್ರತಿ 490 ಪುಟ. ನಾನು ಓದಿದ್ದು ಮೂವತ್ತೋ ನಲವತ್ತೋ, ಸುಳ್ಳು ಯಾಕೆ ಹೇಳಲಿ.

ಸೋಮವಾರ ಬೆಳಗ್ಗೆ ಆ್ಯಪ್‌ನವರ ಫೋನ್. ಹಿಂದಿನ ವಾರ ಅವರ 45 ನಿಮಿಷದ ಆನ್‌ಲೈನ್ ಪಾಠಕ್ಕೆ ಕೂತಿದ್ದೆ. ತೆರೆಯ ಮೂಲೆಯಲ್ಲಿ ಒಂದು ಕೆಂಪು ಗಡಿಯಾರ, ದಿನ ಗಂಟೆ ನಿಮಿಷ ಸೆಕೆಂಡ್ ಹಿಂದಕ್ಕೆ ಓಡುತ್ತಿತ್ತು. ಅದನ್ನು ನೋಡುತ್ತ ಕೂತರೆ ಎಂಥವರಿಗೂ ಬಿಪಿ ಏರುತ್ತದೆ. ತಲೆಗೆ ತಿಂಗಳಿಗೆ ಎರಡೂವರೆ ಡಾಲರ್, ವರ್ಷದ ಹಣ ಮುಂಗಡ, ಜೊತೆಗೆ ಶುರು ಮಾಡಿಕೊಡಲು 750. ಸಹಿ ಹಾಕಿದೆ.

ನಾನು ಸಹಿ ಹಾಕುವುದಕ್ಕೆ ಎರಡು ದಿನ ಮೊದಲೇ, ಶನಿವಾರ, ನ್ಯೂ ಆರ್ಲಿಯನ್ಸ್‌ನ ಐದನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ (ದೇಶದ ಒಂದೊಂದು ಭಾಗಕ್ಕೂ ಇಂಥದ್ದೊಂದು ಫೆಡರಲ್, ಅಂದರೆ ಕೇಂದ್ರದ, ಕೋರ್ಟ್ ಇರುತ್ತದೆ) ಆ ನಿಯಮಕ್ಕೆ ತಡೆಯಾಜ್ಞೆ ಕೊಟ್ಟಿತ್ತು. ನನಗೆ ಗೊತ್ತಿರಲಿಲ್ಲ. ಫೋನ್ ಮಾಡಿದವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದನೋ. ಮರುದಿನ ಮೇಲ್ ಹಾಕಿ ಕೇಳಿದೆ. "ಅದು ತಾತ್ಕಾಲಿಕ, ನೀವು ತಯಾರಾಗಿ" ಅಂತ ಉತ್ತರ. ಗಡಿಯಾರ ಮಾತ್ರ ನಿಲ್ಲಲಿಲ್ಲ. ಇಡೀ ಎರಡು ತಿಂಗಳಲ್ಲಿ ಆ ಆ್ಯಪ್ ಒಮ್ಮೆಯೂ, ಒಂದೇ ಒಂದು ಸಲವೂ, ನಿಯಮ ಈಗ ಜಾರಿಯಲ್ಲಿದೆಯಾ ಇಲ್ಲವಾ ಅಂತ ತನ್ನ ಮುಖಪುಟದಲ್ಲಿ ಹೇಳಲಿಲ್ಲ. ನನ್ನ ದೊಡ್ಡ ತಕರಾರು ಇದೇ.

ಒಳ್ಳೆಯದೂ ಇತ್ತು. ಫೋನಿನಲ್ಲಿ ಕಾರ್ಡಿನ ಫೋಟೊ ಹೊಡೆದರೆ ತಾರೀಖು ತಾನೇ ಓದಿಕೊಳ್ಳುತ್ತಿತ್ತು. ಸ್ಪ್ಯಾನಿಶ್‌ನಲ್ಲೂ ಇತ್ತು, ನಮ್ಮ ರಾತ್ರಿ ಪಾಳಿಯವರಿಗೆ ಅದು ಬೇಕೇ ಬೇಕು. ಜ್ಞಾಪಿಸುವ ಮೆಸೇಜುಗಳು ಮರ್ಯಾದೆಯಾಗಿದ್ದವು. ಒಂದು ಗುಂಡಿ ಒತ್ತಿದರೆ ಪಟ್ಟಿ ಸಿದ್ಧ. ಮೊದಲ ವಾರದಲ್ಲೇ 131ರಲ್ಲಿ 80ಕ್ಕೂ ಜಾಸ್ತಿ ಜನ ಕಾರ್ಡ್ ಹಾಕಿದರು.

ಕೆಟ್ಟಿದ್ದು ನಮ್ಮ ತುಮಕೂರಿನ ಹುಡುಗ ಬಂದಾಗ.

ಅವನು ಟೂಲ್ ಡಿಸೈನ್ ಎಂಜಿನಿಯರ್. ಭಾರತದಿಂದ ಬರುವವರಿಗೆ ಅಮೆರಿಕ ಮೇ ತಿಂಗಳಿಂದ ಹಾಕಿದ್ದ ತಡೆ ನವೆಂಬರ್ 8ಕ್ಕೆ ತೆಗೆದಿತ್ತು, ಲಸಿಕೆ ಆದವರು ಬರಬಹುದಿತ್ತು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಬಂದಿಳಿದ. ಹಾಕಿಸಿಕೊಂಡಿದ್ದು ಕೋವ್ಯಾಕ್ಸಿನ್, ಬೆಂಗಳೂರಿನಲ್ಲಿ, ಎರಡೂ ಡೋಸ್. ಆ್ಯಪ್ ತೆರೆದರೆ ಆಯ್ಕೆಗೆ ಮೂರೇ ಹೆಸರು: ಫೈಜರ್, ಮಾಡರ್ನಾ, ಜಾನ್ಸನ್. ಕೊನೆಗೆ "ಇತರೆ". ಇತರೆ ಒತ್ತಿ, ಕೋವಿನ್‌ನ ಸರ್ಟಿಫಿಕೇಟ್ ಹಾಕಿದ. ಅರ್ಧ ಗಂಟೆಯಲ್ಲಿ ತಿರಸ್ಕಾರ. ಕಾರಣ: "ದಾಖಲೆಯಲ್ಲಿರುವ ಮುಖ ನೌಕರರ ಗುರುತಿನ ಚೀಟಿಯ ಮುಖಕ್ಕೆ ಹೊಂದುತ್ತಿಲ್ಲ."

ಇಲ್ಲಿ ಆಗ ಕೊಡುತ್ತಿದ್ದ ಲಸಿಕೆ ಕಾರ್ಡ್ ಅಂದರೆ ಬರೀ ದಪ್ಪ ಕಾಗದ. ಪರ್ಸಿಗೂ ಹಿಡಿಸದ ಅಳತೆ, ಕೈಬರಹ, ಫೋಟೊ ಗೀಟೊ ಏನಿಲ್ಲ. ಹಾಗಾಗಿ ಮುಖ ಕಂಡ ಕೂಡಲೇ ಆ್ಯಪ್ ಹೋಲಿಸಿ ನೋಡಿದೆ. ನಮ್ಮ ಸರ್ಟಿಫಿಕೇಟಿನ ಕೆಳಗೆ ಇದ್ದಿದ್ದು ಯಾರ ಫೋಟೊ ಅಂತ ನಿಮಗೆ ಗೊತ್ತೇ ಇದೆ.

"ಮೇಡಂ, ಇದು ನಾನಲ್ಲ, ಮೋದಿ ಅಂತ ಅವರಿಗೆ ಹೇಗೆ ಹೇಳೋದು?" ಅಂದ. ಮುಖ ಸಪ್ಪಗಿತ್ತು. ಕೆಲಸಕ್ಕೆ ಸೇರಿ ಮೂರನೇ ದಿನ, ಪಾಪ.

"ಬರೆದು ಹೇಳೋಣ ಮಾರಾಯ, ಹೆದರಬೇಡ" ಅಂದೆ. ಬರೆದೆ. ಇದು ಭಾರತದ ಪ್ರಧಾನಿಯ ಫೋಟೊ, ಎಲ್ಲರ ಸರ್ಟಿಫಿಕೇಟಿನಲ್ಲೂ ಇರುತ್ತದೆ ಅಂತ. ಮೂರು ದಿನ ಬಿಟ್ಟು ಉತ್ತರ ಬಂತು: ದಯವಿಟ್ಟು ನೌಕರರ ಸ್ಪಷ್ಟ ಫೋಟೊ ಇರುವ ದಾಖಲೆ ಕಳಿಸಿ. ಮತ್ತೆ ಬರೆದೆ. ಕೋವ್ಯಾಕ್ಸಿನ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ ನವೆಂಬರ್ 3ರಂದೇ ತನ್ನ ತುರ್ತು ಪಟ್ಟಿಗೆ ಸೇರಿಸಿದೆ, ಆ ಪಟ್ಟಿಯಲ್ಲಿರುವ ಲಸಿಕೆ ನಡೆಯುತ್ತದೆ ಅಂತ ಓಶಾ ನಿಯಮದಲ್ಲೇ ಇದೆ ಅಂತ ಆ ಪುಟವನ್ನೂ ಸೇರಿಸಿ ಕಳಿಸಿದೆ. ಮರುದಿನ ನೋಡಿದರೆ ದೂರಿನ ಮುಂದೆ "ಪರಿಹರಿಸಲಾಗಿದೆ" ಅಂತ ಹಸಿರು ಗುರುತು. ಹುಡುಗನ ಹೆಸರಿನ ಮುಂದೆ "ಲಸಿಕೆ ಆಗಿಲ್ಲ" ಅಂತ ಕೆಂಪು ಗುರುತು. ಕೊನೆಗೆ ಅವನ ಹೆಸರನ್ನು ಎಕ್ಸೆಲ್ ಹಾಳೆಯಲ್ಲಿ ಬೇರೆ ಬರೆದಿಟ್ಟುಕೊಂಡೆ. ಆಮೇಲೆ ಡಿಸೆಂಬರ್‌ನಲ್ಲಿ, ಆ ಫೋಟೊ ತೆಗೆಸಿ ಅಂತ ಒಬ್ಬರು ಹಾಕಿದ್ದ ಅರ್ಜಿಯನ್ನು ಕೇರಳ ಹೈಕೋರ್ಟ್ ಒಂದು ಲಕ್ಷ ರೂಪಾಯಿ ದಂಡ ಹಾಕಿ ವಜಾ ಮಾಡಿತು ಅಂತ ಓದಿದೆವು. ಹುಡುಗ ನಕ್ಕ. ಅಷ್ಟರಲ್ಲಿ ನನ್ನನ್ನು ಅಕ್ಕ ಅನ್ನಲು ಶುರು ಮಾಡಿದ್ದ. "ನಮ್ಮ ಆ್ಯಪ್‌ನವರಿಗೂ ಅಲ್ಲಿಂದಲೇ ಒಂದು ಆದೇಶ ತರಿಸಬೇಕು ಅಕ್ಕ" ಅಂದ.

ಈಗ ಬಿಟ್ಟಿ ಸೇವೆಗಳ ವಿಷಯ. ಅವುಗಳ ದಾರಿ ಹಿಡಿಯುವಂತೆ ಮಾಡಿದವನು ನಮ್ಮ ಫೋರ್ಕ್‌ಲಿಫ್ಟ್ ಓಡಿಸುವ ಆಸಾಮಿ. ಅರವತ್ತರ ಹತ್ತಿರದ ಮನುಷ್ಯ. ಲಸಿಕೆ ಹಾಕಿಸಿಕೊಂಡಿರಲಿಲ್ಲ, ಹಾಕಿಸಿಕೊಳ್ಳುವುದೂ ಇಲ್ಲ ಅಂದಿದ್ದ. ಜಗಳಗಂಟನಲ್ಲ. ಪ್ರತಿ ಸೋಮವಾರ ಬೆಳಗ್ಗೆ ಕಿಟಕಿಯ ಹತ್ತಿರ ಬಂದು ಒಂದೇ ಪ್ರಶ್ನೆ: "ಈ ವಾರ ಇದೆಯಾ, ಇಲ್ಲವಾ?" ಉತ್ತರ ಗೊತ್ತಿಲ್ಲ ಅನ್ನಲು ನನಗೆ ನಾಚಿಕೆ. ಅವನ ಕೆಲಸದ ಪ್ರಶ್ನೆ ಅದು.

ಟಿವಿ ಸುದ್ದಿ ನಂಬಿದರೆ ದಿನಕ್ಕೊಂದು ಉತ್ತರ. ಹಾಗಾಗಿ ಕೋರ್ಟಿನ ಕಡತಗಳನ್ನೇ ನೋಡಲು ಕಲಿತೆ. ಇಲ್ಲಿಯ ಫೆಡರಲ್ ಕೋರ್ಟುಗಳ ಕಾಗದಪತ್ರ ಎಲ್ಲ ಪೇಸರ್ ಅನ್ನುವ ಸರ್ಕಾರಿ ಜಾಲತಾಣದಲ್ಲಿರುತ್ತದೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ಲೇ ಇಲ್ಲ. ನನ್ನ ಲೆಕ್ಕ 11 ಡಾಲರ್ 40 ಸೆಂಟಿಗೆ ನಿಂತಿತು, ಅಂದರೆ ಪುಕ್ಕಟೆ. ಇದಕ್ಕೂ ಅಗ್ಗದ ದಾರಿ ಕೋರ್ಟ್‌ಲಿಸನರ್. ಪೇಸರ್‌ನಿಂದ ಯಾರಾದರೂ ಒಮ್ಮೆ ದುಡ್ಡು ಕೊಟ್ಟು ಇಳಿಸಿದ ಕಾಗದವನ್ನು ರೀಕ್ಯಾಪ್ ಅನ್ನುವ ಸಲಕರಣೆ ಅಲ್ಲಿ ಎಲ್ಲರಿಗೂ ಇಡುತ್ತದೆ. ಮೇಲ್ಮನವಿ ಕೋರ್ಟಿನ ತೀರ್ಪುಗಳಂತೂ ಅವರವರ ಜಾಲತಾಣದಲ್ಲೇ ಉಚಿತ. ಇಂಗ್ಲಿಷ್ ಓದಲು ಬಂದರೆ ಸಾಕು, ವಕೀಲರಾಗಬೇಕಿಲ್ಲ. ಮೊದಲೆರಡು ಪುಟ, ಕೊನೆಯ ಎರಡು ಪುಟ ಓದಿ. ನಾನು ಅಷ್ಟೇ ಮಾಡಿದ್ದು.

ಹಾಗೆ ಓದುತ್ತ ಒಂದು ತಮಾಷೆ ತಿಳಿಯಿತು. ಈ ನಿಯಮದ ವಿರುದ್ಧ ದೇಶದ 12 ಸರ್ಕ್ಯೂಟ್ ಕೋರ್ಟುಗಳಲ್ಲೂ ಅರ್ಜಿ ಬಿದ್ದಿದ್ದವು. ರಾಜ್ಯಗಳು, ವ್ಯಾಪಾರಿ ಸಂಘಗಳು, ಚರ್ಚುಗಳು, ಇನ್ನೊಂದು ಕಡೆ ನಿಯಮ ಸಾಲದು ಅನ್ನುವ ಕಾರ್ಮಿಕ ಸಂಘಗಳು. ಹೀಗಾದಾಗ ಯಾವ ಕೋರ್ಟ್ ಕೇಳಬೇಕು ಅಂತ ಚೀಟಿ ಎತ್ತಬೇಕು ಅಂತ ಕಾನೂನೇ ಇದೆ. ನಮ್ಮೂರಿನ ಚೀಟಿ ಫಂಡಿನ ಹಾಗೆಯೇ! ನವೆಂಬರ್ 16ರಂದು ಪಿಂಗ್‌ಪಾಂಗ್ ಚೆಂಡುಗಳಲ್ಲಿ ಒಂದನ್ನು ಎತ್ತಿದರು. ಬಂದಿದ್ದು ಆರನೇ ಸರ್ಕ್ಯೂಟ್. ಅದು ಕೂರುವುದು ಸಿನ್ಸಿನಾಟಿಯಲ್ಲಿ, ನಮ್ಮಿಂದ ಕಾರಿನಲ್ಲಿ ಒಂದು ಗಂಟೆ. 8.4 ಕೋಟಿ ಜನರ ವಿಷಯ ಒಂದು ಚೆಂಡಿನ ಮೇಲೆ ನಮ್ಮ ಪಕ್ಕದ ಊರಿಗೆ ಬಂತು.

ಡಿಸೆಂಬರ್ 17, ಶುಕ್ರವಾರ ಸಂಜೆ, ಆರನೇ ಸರ್ಕ್ಯೂಟಿನ ಮೂವರಲ್ಲಿ ಇಬ್ಬರು ತಡೆಯಾಜ್ಞೆ ತೆಗೆದುಹಾಕಿದರು. ನಿಯಮಕ್ಕೆ ಮತ್ತೆ ಜೀವ ಬಂತು. ಜನವರಿ 10ರವರೆಗೆ ದಂಡ ಹಾಕುವುದಿಲ್ಲ, ಟೆಸ್ಟ್ ವಿಷಯಕ್ಕೆ ಫೆಬ್ರವರಿ 9ರವರೆಗೆ ಅಂತ ಓಶಾ ಹೇಳಿತು. ನ್ಯಾಯವಾಗಿ ಹೇಳಬೇಕೆಂದರೆ ಆ ರಾತ್ರಿ ಆ್ಯಪ್‌ಗೆ ಮನಸ್ಸಿನಲ್ಲೇ ಕೈ ಮುಗಿದೆ. ಪಟ್ಟಿ ಸಿದ್ಧವಿತ್ತು. ಪಕ್ಕದ ಪ್ಯಾಕಿಂಗ್ ಕಂಪನಿಯವರು ಕ್ರಿಸ್‌ಮಸ್ ರಜೆಯಲ್ಲಿ ಕೂತು ಕಾರ್ಡ್ ಕೂಡಿಹಾಕುತ್ತಿದ್ದರು. "ತಯಾರಾಗಿ" ಅಂದಿದ್ದು ಸುಳ್ಳು ಸಲಹೆಯೇನೂ ಆಗಿರಲಿಲ್ಲ. ಆದರೆ ಆ ಪಟ್ಟಿಗೆ 4,680 ಡಾಲರ್ ಬೇಕಿತ್ತಾ? ಬೀಗ ಹಾಕಿದ ಒಂದು ಕಪಾಟು, ಒಂದು ಎಕ್ಸೆಲ್ ಹಾಳೆ ಸಾಕಿತ್ತು. ತುಮಕೂರಿನ ಹುಡುಗನ ಹೆಸರೂ ಅಲ್ಲೇ ಸರಿಯಾಗಿತ್ತು.

ಸುಪ್ರೀಂ ಕೋರ್ಟ್ ವಾದ ಕೇಳಿದ್ದು 2022ರ ಜನವರಿ 7, ಶುಕ್ರವಾರ. ಈ ವಿಮರ್ಶೆಯಲ್ಲಿ ನಾನು ಮನಸಾರೆ ಐದು ನಕ್ಷತ್ರ ಕೊಡುವುದು ಆ ಕೋರ್ಟಿನ ನೇರ ಆಡಿಯೊಗೆ. 2020ರ ಮೇ ತಿಂಗಳಲ್ಲಿ ಕೋವಿಡ್‌ನಿಂದಾಗಿ ಫೋನಿನಲ್ಲಿ ವಾದ ಶುರುವಾದಾಗ ಹುಟ್ಟಿದ ವ್ಯವಸ್ಥೆ ಅದು, ಕೋರ್ಟ್ ಮತ್ತೆ ತೆರೆದ ಮೇಲೂ ಉಳಿಸಿಕೊಂಡರು. ಹೆಸರು ನೋಂದಾಯಿಸಬೇಕಿಲ್ಲ, ದುಡ್ಡಿಲ್ಲ. ಕ್ಯಾಮೆರಾ ಒಳಗೆ ಬಿಡುವುದಿಲ್ಲವಾದ್ದರಿಂದ ಚಿತ್ರವಿಲ್ಲ, ಧ್ವನಿ ಮಾತ್ರ. ಚಿಕ್ಕವಳಿದ್ದಾಗ ಅಜ್ಜನ ಪಕ್ಕ ಕೂತು ರೇಡಿಯೊದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿದವಳಿಗೆ ಇದೇನು ಕಷ್ಟವಲ್ಲ. ಸಂಬಳದ ಲೆಕ್ಕ ಮಾಡುತ್ತ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೆ. ಎರಡು ಕೇಸು (ಒಂದು ನಮ್ಮ ನಿಯಮದ್ದು, ಇನ್ನೊಂದು ಆಸ್ಪತ್ರೆ ನೌಕರರ ಲಸಿಕೆಯದು) ಸೇರಿ ಮೂರು ಗಂಟೆಗೂ ಜಾಸ್ತಿ.

ಮೊದಲ ಹತ್ತು ನಿಮಿಷ ಯಾರ ಧ್ವನಿ ಯಾರದು ಗೊತ್ತಾಗಲಿಲ್ಲ. ಆಮೇಲೆ ಕಿವಿ ಪಳಗಿತು. ನ್ಯಾಯಮೂರ್ತಿ ಕೇಗನ್ ಪ್ರಶ್ನೆ ಕೇಳುವಾಗ ಎದುರು ಪಕ್ಷದ ವಕೀಲರಿಗೆ ಉಸಿರಾಡಲು ಬಿಡುವುದಿಲ್ಲ. ನೂರು ವರ್ಷದಲ್ಲಿ ಕಂಡರಿಯದ ಆರೋಗ್ಯದ ಅಪಾಯ ಇದು, ಇಷ್ಟೂ ಅಗತ್ಯವಲ್ಲವೆಂದರೆ ಮತ್ತಾವುದು ಅಗತ್ಯ ಅನ್ನುವ ಧಾಟಿ. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಮೆತ್ತಗೆ ಕೇಳಿದ್ದು ಬೇರೆ: ಇಲಾಖೆ ಇಲಾಖೆಯಾಗಿ ಹೀಗೆ ನಿಯಮ ತರುತ್ತಿರುವುದು ಸಂಸತ್ತನ್ನು ಬದಿಗೆ ಬಿಟ್ಟು ಹೋಗುವ ದಾರಿಯಲ್ಲವೇ ಅಂತ. ಅದನ್ನು ಕೇಳಿದಾಗಲೇ ನಾನು ಪೆನ್ನು ಕೆಳಗಿಟ್ಟೆ. ತೀರ್ಪು ಯಾವ ಕಡೆ ಅಂತ ವಾಸನೆ ಬಡಿಯಿತು.

ಇನ್ನೊಂದು ಸಂಗತಿ ಚಿತ್ರವಿಲ್ಲದಿದ್ದರೂ ಕಣ್ಣಿಗೆ ಕಟ್ಟಿತು. ನಿಯಮ ಬೇಡ ಅಂತ ವಾದಿಸಿದ ನಮ್ಮ ಒಹಾಯೊ ರಾಜ್ಯದ ವಕೀಲ ಬೆಂಜಮಿನ್ ಫ್ಲವರ್ಸ್ ಕೋರ್ಟಿನಲ್ಲಿರಲಿಲ್ಲ. ಅವರಿಗೆ ಕೋವಿಡ್ ಪಾಸಿಟಿವ್ ಬಂದಿತ್ತು. ಕೋರ್ಟಿನ ಸ್ವಂತ ನಿಯಮದ ಪ್ರಕಾರ ಒಳಗೆ ಬಿಡುವ ಹಾಗಿರಲಿಲ್ಲ, ಫೋನಿನಲ್ಲಿ ವಾದ ಮಾಡಿದರು. ಇನ್ನೊಂದು ಕೇಸಿನ ಲೂಸಿಯಾನಾದ ವಕೀಲರೂ ಫೋನಿನಲ್ಲೇ. ನ್ಯಾಯಮೂರ್ತಿ ಸೊಟೊಮೇಯರ್ ತಮ್ಮ ಕೊಠಡಿಯಿಂದಲೇ ಸೇರಿಕೊಂಡಿದ್ದರು. ಊಟದ ಕೋಣೆಯಲ್ಲಿ ಇದನ್ನು ಹೇಳಿದಾಗ ಎರಡೂ ಪಕ್ಷದವರು ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ.

ಒಂದು ಎಚ್ಚರಿಕೆ. ನೇರ ಧ್ವನಿಯಲ್ಲಿ ತಿದ್ದುವವರು ಯಾರೂ ಇರುವುದಿಲ್ಲ. ಒಂದು ಲಕ್ಷಕ್ಕೂ ಜಾಸ್ತಿ ಮಕ್ಕಳು ಗಂಭೀರ ಸ್ಥಿತಿಯಲ್ಲಿದ್ದಾರೆ ಅಂತ ಸೊಟೊಮೇಯರ್ ಅಂದರು. ನಿಜವಾದ ಲೆಕ್ಕ ಅದರ ಹತ್ತಿರಕ್ಕೂ ಇರಲಿಲ್ಲ. ನಾನು ಆ ಸಂಖ್ಯೆಯನ್ನು ಸಂಜೆ ಮನೆಯಲ್ಲಿ ಹೇಳಿಬಿಟ್ಟೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಯಜಮಾನರು "ಏನು ಮಾತಾಡ್ತೀಯ" ಅಂತ ನೋಡಿದರು. ಅದೇ ದಿನ ಕೋರ್ಟ್ ಜಾಲತಾಣದಲ್ಲಿ ಮಾತುಮಾತೂ ಬರೆದ ಪ್ರತಿ ಬರುತ್ತದೆ, ಅದೂ ಉಚಿತ. ಕೇಳಿ, ಆಮೇಲೆ ಓದಿ, ಆಮೇಲೆ ಬೇರೆಯವರಿಗೆ ಹೇಳಿ.

ಜನವರಿ 13ರಂದು ತೀರ್ಪು. 6-3. ಕೆಲಸದಿಂದ ಬರುವ ಅಪಾಯವನ್ನು ಓಶಾ ತಡೆಯಬಹುದು, ಆದರೆ ಕೋವಿಡ್ ಮನೆಯಲ್ಲೂ ಶಾಲೆಯಲ್ಲೂ ಆಟದ ಮೈದಾನದಲ್ಲೂ ಹರಡುತ್ತದೆ, ಅದು ಎಲ್ಲರ ದಿನನಿತ್ಯದ ಅಪಾಯ, ಅಷ್ಟು ದೊಡ್ಡ ಅಧಿಕಾರ ಸಂಸತ್ತು ಇವರಿಗೆ ಕೊಟ್ಟಿಲ್ಲ ಅಂದರು. ವೈರಸ್ ಮೇಲೆ ಸಂಶೋಧನೆ ಮಾಡುವವರು, ತೀರಾ ಇಕ್ಕಟ್ಟಿನಲ್ಲಿ ಕೆಲಸ ಮಾಡುವವರು ಅಂಥ ಕಡೆ ಬೇರೆ ನಿಯಮ ತರಬಹುದು ಅಂತಲೂ ಸೇರಿಸಿದರು. ಬ್ರೇಯರ್, ಸೊಟೊಮೇಯರ್, ಕೇಗನ್ ಒಪ್ಪಲಿಲ್ಲ. ನನಗೂ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಪ್ರೆಸ್ ಸಾಲಿನಲ್ಲಿ ಇಬ್ಬರು ಮೊಣಕೈ ತಾಗಿಸಿಕೊಂಡು ಎಂಟು ಗಂಟೆ ನಿಲ್ಲುತ್ತಾರೆ. ಅದು ಆಟದ ಮೈದಾನದ ಹಾಗೆ ಅಲ್ಲ, ಬೇಡವೆಂದರೆ ಎದ್ದು ಹೋಗಲು ಆಗುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಆ ಸಾಲಿನವರೊಬ್ಬರು ತೀರಿಕೊಂಡರು. ಇನ್ಶೂರೆನ್ಸ್ ಕಾಗದಕ್ಕೆ ಅವರ ಹೆಂಡತಿಯ ಸಹಿ ಹಾಕಿಸಿಕೊಂಡವಳು ನಾನೇ.

ಅದೇ ದಿನ ಇನ್ನೊಂದು ತೀರ್ಪು ಉಲ್ಟಾ ಬಂತು. ಸರ್ಕಾರದ ಆರೋಗ್ಯ ವಿಮೆಯ ದುಡ್ಡು ಪಡೆಯುವ ಆಸ್ಪತ್ರೆಗಳ ಸುಮಾರು ಒಂದು ಕೋಟಿ ನೌಕರರಿಗೆ ಲಸಿಕೆ ಕಡ್ಡಾಯ ಸರಿ ಅಂತ, 5-4. ಹಾಗಾಗಿ ಆಗ ನಮ್ಮ ಮನೆಯಲ್ಲಿ ಯಜಮಾನರಿಗೆ ಕಡ್ಡಾಯವಿತ್ತು, ನನಗಿರಲಿಲ್ಲ. ಇಬ್ಬರೂ ಎಂದೋ ಹಾಕಿಸಿಕೊಂಡಿದ್ದೆವು, ಅದು ಬೇರೆ ಮಾತು.

ಜನವರಿ 26ಕ್ಕೆ ಓಶಾ ನಿಯಮವನ್ನು ವಾಪಸ್ ತೆಗೆದುಕೊಂಡಿತು. ನಾನು ಆ್ಯಪ್‌ನವರಿಗೆ ಉಳಿದ ಹತ್ತು ತಿಂಗಳ ದುಡ್ಡು ಕೇಳಿದೆ. ಸೇವೆ ಈಗಲೂ ಲಭ್ಯವಿದೆ, ಬಳಸದಿರುವುದು ನಿಮ್ಮ ಇಷ್ಟ ಅಂತ ಉತ್ತರ. ಅಷ್ಟೇ ಅಲ್ಲ, 30 ದಿನ ಮೊದಲು ಕಾಗದ ಕೊಡದಿದ್ದರೆ ಕರಾರು ತಾನಾಗೇ ಮುಂದುವರಿಯುತ್ತದೆ ಅಂತ ಚಿಕ್ಕ ಅಕ್ಷರದಲ್ಲಿತ್ತು. ಆ ಸಾಲನ್ನು ಸಹಿ ಹಾಕುವಾಗ ಓದಿರಲಿಲ್ಲ, ತಪ್ಪು ನನ್ನದೇ. ಅಕ್ಟೋಬರ್ 1ಕ್ಕೆ ಕಾಗದ ಕಳಿಸಿದೆ. ಎರಡು ನಕ್ಷತ್ರ: ಒಂದು ಸ್ಪ್ಯಾನಿಶ್‌ಗೆ, ಒಂದು ಡಿಸೆಂಬರ್ 17ರ ರಾತ್ರಿಗೆ. ಇಂಥದ್ದು ಕೊಳ್ಳಲೇಬೇಕಾದರೆ ತಿಂಗಳ ಲೆಕ್ಕದಲ್ಲಿ ಕೊಳ್ಳಿ. ನಿಯಮ ಬಿದ್ದುಹೋದರೆ ದುಡ್ಡು ವಾಪಸ್ ಅಂತ ಬರೆಸಿಕೊಳ್ಳಿ. ನಿಮ್ಮಲ್ಲಿ ಊರಿಂದ ಬಂದವರಿದ್ದರೆ ಅವರ ಒಂದು ಸರ್ಟಿಫಿಕೇಟ್ ಮೊದಲೇ ಹಾಕಿ ನೋಡಿ.

ಕಳೆದ ವಾರ ಫೋನ್ ಮಾಡಿದವನು ಮಾರಲು ಬಂದಿದ್ದು ಸೆಕೆಯ ಆ್ಯಪ್. ಕೆಲಸದ ಜಾಗದ ಬಿಸಿಯ ಬಗ್ಗೆ ಓಶಾ 2024ರ ಆಗಸ್ಟ್‌ನಲ್ಲಿ ಒಂದು ಕರಡು ಪ್ರಕಟಿಸಿದೆ, ಅದಕ್ಕೆ ಈಗಲೇ ತಯಾರಾಗಿ ಅಂತ. ಕಳಿಸಿದ ಮೇಲ್ ತೆರೆದರೆ ಮೂಲೆಯಲ್ಲಿ ಅದೇ ಕೆಂಪು ಗಡಿಯಾರ. ಕರಡಿಗೆ ಯಾವ ಗಡುವು, ಯಾವುದನ್ನು ಎಣಿಸುತ್ತಿದೆಯೋ ದೇವರೇ ಬಲ್ಲ.

ಆ ಮೇಲ್ ನೋಡುತ್ತಿದ್ದಾಗ ಫೋರ್ಕ್‌ಲಿಫ್ಟ್ ಆಸಾಮಿ ಕಿಟಕಿಯ ಹತ್ತಿರ ಬಂದ. ಸೋಮವಾರವೇ. ಈಗಲೂ ಕೆಲಸದಲ್ಲಿದ್ದಾನೆ, ಮುಂದಿನ ವರ್ಷ ನಿವೃತ್ತಿ. ಜುಲೈನಲ್ಲಿ ಪ್ರೆಸ್ ಸಾಲಿನ ಪಕ್ಕ ಗಾಡಿ ಓಡಿಸುವುದೆಂದರೆ ಒಲೆಯ ಬಾಯಲ್ಲಿ ಕೂತ ಹಾಗೆ. ಕರಡಿನಲ್ಲಿ ಏನಿದೆ ಅಂತ ಕೇಳಿದ. ಬಿಸಿ 90 ಡಿಗ್ರಿ ಫ್ಯಾರನ್‌ಹೀಟ್ (ಊರಿನ ಲೆಕ್ಕದಲ್ಲಿ ಸುಮಾರು 32 ಸೆಲ್ಸಿಯಸ್) ಮುಟ್ಟಿದರೆ ಎರಡು ಗಂಟೆಗೊಮ್ಮೆ 15 ನಿಮಿಷ ಬಿಡುವು, ಸಂಬಳ ಕಡಿಯುವ ಹಾಗಿಲ್ಲ ಅಂತ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

"ಇದರ ಮೇಲೆ ಯಾರೂ ಕೇಸ್ ಹಾಕುವುದಿಲ್ಲ ತಾನೇ?" ಅಂತ ಕೇಳಿದ.

ಇನ್ನೂ ನಿಯಮವೇ ಆಗಿಲ್ಲ, ಆದ ದಿನ ನೋಡೋಣ ಅಂದೆ. ಮುಂದಿನ ಸೋಮವಾರ ಬರುತ್ತೇನೆ ಅಂತ ಹೇಳಿ ಹೋದ.